ಮನೆಯ ಮರಗೆಲಸದ ಕೋಣೆಗೊಂದು ಚರಿತ್ರೆ

ಮನೆಯಲ್ಲೇ ಒಂದಿಷ್ಟು ಜಾಗ ಮಾಡಿಕೊಂಡು ಮರಗೆಲಸ ಕಲಿಯಬೇಕೆಂಬ ಹಂಬಲ ಈಚಿನ ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಹುಟ್ಟಿದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಬೇಸತ್ತವರು ಕೆಲವರು, ಮಕ್ಕಳಿಗೆ ಏನಾದರೂ ಮಾಡಿ ತೋರಿಸಬೇಕೆಂಬ ಆಸೆಯವರು ಇನ್ನು ಕೆಲವರು. "ಸಾರ್, ಯಾವ ಯಾವ ಉಪಕರಣ ಕೊಳ್ಳಬೇಕು, ಒಂದು ಪಟ್ಟಿ ಕೊಡಿ" ಎಂದು ಕೇಳುತ್ತಾರೆ. ನಿವೃತ್ತಿಯ ನಂತರ ನಾನು ಹಿತ್ತಿಲಿನ ಹಳೆಯ ದನದ ಕೊಟ್ಟಿಗೆಯನ್ನು ಮರಗೆಲಸದ ಕೋಣೆಯಾಗಿ ಮಾಡಿಕೊಂಡಿರುವುದು ಅವರಿಗೆ ಗೊತ್ತು. ಆದರೆ ಚರಿತ್ರೆಯ ಮೇಷ್ಟ್ರನ್ನು ಉಳಿಯ ಬಗ್ಗೆ ಕೇಳಿದರೆ ಆತ ಈಜಿಪ್ಟಿನಿಂದಲೇ ಆರಂಭಿಸುತ್ತಾನೆಂಬುದನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ತಾಳ್ಮೆಯಿಂದ ಓದಿ, ಪಟ್ಟಿಯೂ ಕೊನೆಯಲ್ಲಿ ಸಿಗುತ್ತದೆ.

ಮರಗೆಲಸದ ಕೋಣೆ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಕೊಯ್ಯುವ, ಕೊರೆಯುವ ಯಂತ್ರಗಳು. ವಾಸ್ತವದಲ್ಲಿ ಬಡಗಿಯ ಮೊದಲ ಸಮಸ್ಯೆ ಕೊಯ್ಯುವುದಲ್ಲ, ಮರವನ್ನು ಅಲುಗಾಡದಂತೆ ಹಿಡಿಯುವುದು. ಅಲುಗುವ ಮರದ ಮೇಲೆ ಎಂಥ ಹರಿತವಾದ ಗರಗಸವೂ ವ್ಯರ್ಥ. ಥೀಬ್ಸ್ ನಗರದ ಬಳಿ ರೆಖ್ಮಿರೆ ಎಂಬ ಮಂತ್ರಿಯ ಸಮಾಧಿ ಇದೆ. ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯದು. ಅದರ ಗೋಡೆಯ ಚಿತ್ರಗಳಲ್ಲಿ ಬಡಗಿಗಳು ಕೆಲಸ ಮಾಡುತ್ತಿದ್ದಾರೆ. ಅಲ್ಲೊಬ್ಬ ಹಲಗೆಯನ್ನು ನೆಟ್ಟಗಿನ ಕಂಬಕ್ಕೆ ಹಗ್ಗದಿಂದ ಬಿಗಿದು ಗರಗಸದಿಂದ ಸೀಳುತ್ತಿದ್ದಾನೆ. ಮೇಜಿಲ್ಲ, ವೈಸ್ ಇಲ್ಲ. ಒಂದು ಕಂಬ, ಒಂದು ಹಗ್ಗ. ಅಷ್ಟರಿಂದಲೇ ಫೇರೋಗಳ ಅರಮನೆಯ ಪೀಠೋಪಕರಣಗಳು ಸಿದ್ಧವಾದವು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೇ ಮತ್ತು ಹರ್ಕ್ಯುಲೇನಿಯಂ ಎಂಬ ಎರಡು ರೋಮನ್ ಪಟ್ಟಣಗಳು ಹೂತುಹೋದ ಕಥೆ ನಿಮಗೆ ಗೊತ್ತೇ ಇದೆ. ಪಾಂಪೇಯ ಅವಶೇಷಗಳಲ್ಲಿ ಕಬ್ಬಿಣದ ತಳವಿರುವ ಹತ್ತರಿ ಸಿಕ್ಕಿದೆ. ಇಂದಿನ ಬಡಗಿಯ ಕೈಗೆ ಅದನ್ನು ಕೊಟ್ಟರೆ ಅವನು ಯಾರನ್ನೂ ಕೇಳದೆ ಮರ ಹೆರೆಯಲು ತೊಡಗಬಲ್ಲ. ಹರ್ಕ್ಯುಲೇನಿಯಂನ ಒಂದು ಗೋಡೆಚಿತ್ರದಲ್ಲಿ ರೆಕ್ಕೆಗಳುಳ್ಳ ಪುಟ್ಟ ಮಕ್ಕಳು ಗಿಡ್ಡ ಮೇಜೊಂದರ ಮೇಲೆ ಹಲಗೆ ಕೊಯ್ಯುತ್ತಿದ್ದಾರೆ. ಹಲಗೆಯನ್ನು ಒತ್ತಿ ಹಿಡಿಯಲು ಮೇಜಿನ ತೂತಿನಲ್ಲಿ ಕೊಕ್ಕೆಯಂಥ ಒಂದು ಕಬ್ಬಿಣವನ್ನು ಬಡಿದು ಕೂರಿಸಿದೆ. ಈ ಕೊಕ್ಕೆ ಎರಡು ಸಾವಿರ ವರ್ಷಗಳಿಂದ ಬದಲಾಗಿಲ್ಲ. ನನ್ನ ಕೊಟ್ಟಿಗೆಯಲ್ಲಿಯೂ ಅಂಥದೊಂದಿದೆ, ಊರಿನ ಕುಲುಮೆಯಲ್ಲಿ ಮಾಡಿಸಿದ್ದು.

ಆ ರೋಮನ್ ಮೇಜು ಮೊಣಕಾಲೆತ್ತರದ್ದೆಂಬುದನ್ನು ಗಮನಿಸಬೇಕು. ಅದರ ಮೇಲೆ ಕುಳಿತೋ ಕಾಲು ಚಾಚಿಯೋ ದೇಹದ ಭಾರದಿಂದಲೇ ಮರವನ್ನು ಹಿಡಿಯಬಹುದಾಗಿತ್ತು. ನಮ್ಮ ಊರಿನ ಆಚಾರ್ರು ಜಗಲಿಯ ಮೇಲೆ ಕುಳಿತು, ಎಡಪಾದದ ಬೆರಳುಗಳಿಂದ ಮರದ ತುಂಡನ್ನು ಒತ್ತಿ ಹಿಡಿದು, ಬಾಚಿಯಿಂದ ಕೆತ್ತುತ್ತಿದ್ದುದನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದಾರೆ. ಇದನ್ನು ಕಂಡು ಹಿಂದುಳಿದ ಪದ್ಧತಿ ಎಂದು ಮೂಗು ಮುರಿಯುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಕಂಬಕ್ಕೆ ಬಿಗಿಯುವುದು ಈಜಿಪ್ಟಿನವನ ಉತ್ತರವಾದರೆ, ಕೊಕ್ಕೆ ಬಡಿಯುವುದು ರೋಮಿನವನ ಉತ್ತರ, ಪಾದದಿಂದ ಒತ್ತುವುದು ನಮ್ಮವರ ಉತ್ತರ, ಪ್ರಶ್ನೆ ಒಂದೇ. ನಮ್ಮವರ ಉತ್ತರದಲ್ಲಿ ಒಂದು ಲಾಭವೂ ಇತ್ತು. ಗೋಣಿಚೀಲದಲ್ಲಿ ಸಾಮಾನು ಹಾಕಿಕೊಂಡು ಹೊರಟರೆ ಆಚಾರ್ರು ಕುಳಿತ ಜಾಗವೇ ಕಾರ್ಯಾಗಾರವಾಗುತ್ತಿತ್ತು.

ಎತ್ತರದ ಭಾರವಾದ ಮೇಜು, ಅಂದರೆ ನಾವು ಇಂದು ಬೆಂಚ್ ಎನ್ನುವುದು, ಯುರೋಪಿನಲ್ಲಿ ನಿಂತು ಹತ್ತರಿ ಹೊಡೆಯುವ ರೂಢಿಯೊಡನೆ ಬೆಳೆಯಿತು. ಅದರ ಬಗ್ಗೆ ಮೊದಲು ಅಚ್ಚಿನಲ್ಲಿ ವಿವರವಾಗಿ ಬರೆದವರಲ್ಲಿ ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ ಒಬ್ಬ. ಈತ ಭೂಪಟ ಮತ್ತು ಗೋಳಗಳನ್ನು ತಯಾರಿಸಿ ಮಾರುತ್ತಿದ್ದವನು, ರಾಯಲ್ ಸೊಸೈಟಿಯ ಸದಸ್ಯನೂ ಆದವನು. 1678ರ ಸುಮಾರಿಗೆ ಕಮ್ಮಾರಿಕೆ, ಮರಗೆಲಸ, ಕಡೆತದ ಕೆಲಸಗಳನ್ನು ವಿವರಿಸುವ ಪುಸ್ತಕವನ್ನು ತಿಂಗಳ ಕಂತುಗಳಲ್ಲಿ ಪ್ರಕಟಿಸತೊಡಗಿದ. ಕೈಕೆಲಸವೆಂದರೆ ಕೀಳು ಎಂಬ ಭಾವನೆಯನ್ನು ಮುನ್ನುಡಿಯಲ್ಲೇ ಖಂಡಿಸಿದ. ನಡುವೆ ಕಂತುಗಳು ನಿಂತವು. ಆಗ ಇಂಗ್ಲೆಂಡಿನಲ್ಲಿ ರಾಜನ ಕೊಲೆಗೆ ಸಂಚು ನಡೆದಿದೆಯೆಂಬ ಗುಲ್ಲೆದ್ದು, ಇದ್ದ ಕೆಲವೇ ಗಿರಾಕಿಗಳ ಮನಸ್ಸೂ ಅತ್ತ ಹೋಯಿತೆಂದು ಅವನೇ ಬರೆದುಕೊಂಡಿದ್ದಾನೆ. ಪತ್ರಿಕೆ ನಡೆಸಿ ಕೈಸುಟ್ಟುಕೊಂಡ ನಮ್ಮ ಸಾಹಿತಿಗಳ ನೆನಪಾಗಿ ನನಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ.

ಮಾಕ್ಸನ್ ಹೊರಗಿನಿಂದ ನೋಡಿ ಬರೆದವನು. ಫ್ರಾನ್ಸಿನ ಆಂದ್ರೆ ಜೇಕಬ್ ರೂಬೋ ಹಾಗಲ್ಲ. ಬಡಗಿಯ ಮಗ, ತಾನೂ ಬಡಗಿ. ಪ್ಯಾರಿಸಿನಲ್ಲಿ 1769ರಿಂದ ಆರಂಭಿಸಿ ಕೆಲವು ವರ್ಷಗಳಲ್ಲಿ ಅವನು ಹೊರತಂದ ಬೃಹದ್ಗ್ರಂಥವನ್ನು ಅಲ್ಲಿನ ರಾಜಮನೆತನದ ವಿಜ್ಞಾನ ಅಕಾಡೆಮಿಯೇ ಪ್ರಕಟಿಸಿತು. ಅವನು ವರ್ಣಿಸಿದ ಬೆಂಚಿನ ಮೇಲ್ಹಲಗೆ ಐದಾರು ಅಂಗುಲ ದಪ್ಪ. ಕಾಲುಗಳು ಹಲಗೆಯ ಅಂಚಿಗೆ ಸಮನಾಗಿ ನಿಲ್ಲುತ್ತವೆ. ಅಂಚಿಗೆ ಸಮನಾಗಿರುವುದರ ಗುಟ್ಟು ಕೆಲಸಕ್ಕಿಳಿದ ಮೇಲೆ ತಿಳಿಯುತ್ತದೆ: ಬಾಗಿಲ ಚೌಕಟ್ಟಿನಂಥ ಉದ್ದದ ಮರವನ್ನು ಮೇಜಿನ ಪಕ್ಕಕ್ಕೆ ನಿಲ್ಲಿಸಿದರೆ ಕಾಲುಗಳೂ ಅದಕ್ಕೆ ಆಸರೆಯಾಗುತ್ತವೆ. ಇಂದು ಅಮೆರಿಕದಲ್ಲಿ ಮನೆಯ ಹವ್ಯಾಸಿಗಳು ಅತಿ ಹೆಚ್ಚು ಅನುಕರಿಸುವ ಬೆಂಚುಗಳಲ್ಲಿ ಇದೂ ಒಂದು. ನಾನು ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ಮತ್ತಿಯ ತೊಲೆಗಳಿಂದ ಇಂಥದನ್ನೇ ಮಾಡಿಕೊಂಡಿದ್ದೇನೆ. ಎತ್ತರಕ್ಕೆ ಅಳತೆಪಟ್ಟಿ ಬೇಕಿಲ್ಲ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅದಕ್ಕಿಂತ ಸ್ವಲ್ಪ ತಗ್ಗಾಗಿದ್ದರೆ ಹತ್ತರಿ ಹೊಡೆಯಲು ಸೊಂಟ ನೋಯುವುದಿಲ್ಲ.

ಇವೆಲ್ಲ ವೃತ್ತಿಯವರ ಮಾತಾಯಿತು. ಹೊಟ್ಟೆಪಾಡಿಗಲ್ಲದೆ ಮನೆಯಲ್ಲಿ ಕಾರ್ಯಾಗಾರ ಇಟ್ಟುಕೊಳ್ಳುವ ಅಭ್ಯಾಸ ಯಾರಿಂದ ಬಂತು? ಉತ್ತರ ಸ್ವಲ್ಪ ಸೋಜಿಗದ್ದು: ಅರಸರಿಂದ, ಸಿರಿವಂತರಿಂದ. ರಷ್ಯಾದ ಪೀಟರ್ ಮಹಾಶಯ 1697ರಲ್ಲಿ ಹಾಲೆಂಡಿನ ಹಡಗುಕಟ್ಟೆಯಲ್ಲಿ ಬಡಗಿಯಾಗಿ ದುಡಿದದ್ದನ್ನು ನಿಮಗೆ ಪಾಠ ಮಾಡಿದ್ದೇನೆ. ಅವನ ಅರಮನೆಯಲ್ಲಿ ಕಡೆತದ ಯಂತ್ರಗಳ ಕಾರ್ಯಾಗಾರವೇ ಇತ್ತು. ಫ್ರಾನ್ಸಿನ ಹದಿನಾರನೆಯ ಲೂಯಿ ವರ್ಸೇಲ್ಸ್‌ನಲ್ಲಿ ಬೀಗ ಮಾಡುವುದಕ್ಕೂ ಮರ ಕಡೆಯುವುದಕ್ಕೂ ಕೋಣೆಗಳನ್ನಿಟ್ಟುಕೊಂಡಿದ್ದ. ರಾಜ್ಯಭಾರಕ್ಕಿಂತ ಬೀಗದ ಕೆಲಸದಲ್ಲೇ ಅವನ ಮನಸ್ಸು ಹೆಚ್ಚೆಂದು ಜನ ಆಡಿಕೊಂಡರು, ಕೊನೆಗೆ ತಲೆಯನ್ನೂ ತೆಗೆದರು. 1790ರ ದಶಕದಿಂದ ಲಂಡನ್ನಿನಲ್ಲಿ ಹೋಲ್ಟ್‌ಸಾಪ್ಫೆಲ್ ಮನೆತನದವರು ಶ್ರೀಮಂತ ಹವ್ಯಾಸಿಗಳಿಗೆಂದೇ ಕಡೆತದ ಯಂತ್ರಗಳನ್ನು ತಯಾರಿಸಿ, ಒಂದೊಂದಕ್ಕೂ ಸಂಖ್ಯೆ ಕೆತ್ತಿ ಮಾರಿದರು. ಹೀಗೆ ಅಲ್ಲಿ ಕೈಯಿಂದ ದುಡಿಯಬೇಕಾದ ಅಗತ್ಯವೇ ಇಲ್ಲದವರಿಗೆ ಕೈಕೆಲಸ ವಿನೋದವಾಯಿತು.

ನಮ್ಮಲ್ಲಿ ಆದದ್ದು ಬೇರೆ. ಇಲ್ಲಿ ಮರಗೆಲಸ ವಿನೋದವಾಗಲಿಲ್ಲ, ಹುಟ್ಟಿನೊಡನೆ ಬಂದ ಪಾಲಾಯಿತು. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಬಡಗಿಯೂ ಒಬ್ಬ. ವರ್ಷವಿಡೀ ರೈತರ ನೇಗಿಲು, ನೊಗ, ಗಾಡಿ ರಿಪೇರಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದ ಬಳಿ ತನ್ನ ಆಯದ ಧಾನ್ಯವನ್ನು ಪಡೆಯುತ್ತಿದ್ದ. ಅವನ ಮನೆಯ ಜಗಲಿಯೇ ಕಾರ್ಯಾಗಾರ. ಮಗ ಐದಾರು ವರ್ಷಕ್ಕೇ ಕೆತ್ತೆಗಳ ನಡುವೆ ಆಡುತ್ತಾ ಕಲಿಯುತ್ತಿದ್ದ. ವಿದ್ಯೆ ಮನೆಯಿಂದ ಹೊರಗೆ ಹೋಗಲಿಲ್ಲ, ಪುಸ್ತಕಕ್ಕೂ ಹೆಚ್ಚಾಗಿ ಬರಲಿಲ್ಲ. ಉಳಿದ ನಾವೆಲ್ಲ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಉಪಕರಣಗಳಿಗೆ ಕುಂಕುಮವಿಟ್ಟು ಕೈಮುಗಿದೆವು. ಮಿಕ್ಕ ದಿನಗಳಲ್ಲಿ ಅವನ್ನು ಮುಟ್ಟುವುದು ನಮ್ಮ ಕೆಲಸವಲ್ಲವೆಂದುಕೊಂಡೆವು. ಮಾಕ್ಸನ್ ಯಾವ ಭಾವನೆಯನ್ನು ಖಂಡಿಸಿದನೋ ಅದು ನಮ್ಮಲ್ಲಿ ಜಾತಿಯ ಬಲವನ್ನೂ ಪಡೆದು ಇನ್ನಷ್ಟು ಗಟ್ಟಿಯಾಗಿ ಬೇರೂರಿತ್ತು.

ಇನ್ನು ಉಕ್ಕಿನ ಮಾತು. ನನ್ನ ಬೆಂಚಿನ ಮೇಲಿರುವ ಒಂದು ಹಳೆಯ ಉಳಿಯ ಮೇಲೆ ಶೆಫೀಲ್ಡ್ ಎಂದು ಅಚ್ಚೊತ್ತಿದೆ. ಇಂಗ್ಲೆಂಡಿನ ಆ ಊರಿಗೆ ಹೆಸರು ತಂದವನು ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಮಾಡುವವನು. ಗಡಿಯಾರದ ಸ್ಪ್ರಿಂಗಿಗೆ ಎಲ್ಲೆಡೆ ಏಕರೂಪವಾದ ಉಕ್ಕು ಬೇಕೆಂದು 1740ರ ದಶಕದಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ವಿಧಾನವನ್ನು ಕಂಡುಕೊಂಡ. ಉಳಿ, ಹತ್ತರಿಗಳ ಅಲಗುಗಳಿಗೆ ಮುಂದೆ ಇದೇ ಉಕ್ಕು ಪ್ರಸಿದ್ಧವಾಯಿತು.

ಆದರೆ ಮೂಸೆಯಲ್ಲಿ ಉಕ್ಕು ಮಾಡುವುದು ನಮ್ಮ ದಕ್ಷಿಣದ ಕುಲುಮೆಗಳಲ್ಲಿ ಅದಕ್ಕೂ ಅನೇಕ ಶತಮಾನಗಳ ಹಿಂದಿನಿಂದ ನಡೆದುಬಂದ ಕೆಲಸ. ಮೆದು ಕಬ್ಬಿಣದ ತುಂಡಿನೊಡನೆ ತಂಗಡಿ ಗಿಡದ ಒಣಕಟ್ಟಿಗೆಯನ್ನಿಟ್ಟು, ಮೇಲೆ ಎಕ್ಕದಂಥ ಗಿಡದ ಹಸಿರೆಲೆ ಮುಚ್ಚಿ, ಮೂಸೆಯ ಬಾಯನ್ನು ಮಣ್ಣಿನಿಂದ ಮೆತ್ತಿ ಗಂಟೆಗಟ್ಟಲೆ ತಿದಿ ಒತ್ತುತ್ತಿದ್ದರು. ಕಟ್ಟಿಗೆ, ಎಲೆಗಳ ಇಂಗಾಲವನ್ನು ಹೀರಿಕೊಂಡು ಕಬ್ಬಿಣ ಕರಗಿ, ಆರಿದ ಮೇಲೆ ಉಕ್ಕಿನ ಗಟ್ಟಿಯಾಗುತ್ತಿತ್ತು. ಚಿತ್ರದುರ್ಗ ಜಿಲ್ಲೆಯಲ್ಲಿ ಇಂಥ ಮೂಸೆಗಳ ಚೂರುಗಳು ಸಿಕ್ಕಿವೆ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಇಲ್ಲಿನ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿಟ್ಟಿದ್ದಾನೆ. ಇಂದು ಗೊಂಬೆಗಳಿಗೆ ಹೆಸರಾದ ಚನ್ನಪಟ್ಟಣ ಆಗ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗೆ ಹೆಸರಾಗಿತ್ತು. ಅದಕ್ಕೂ ಮೊದಲೇ, 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ್ದ. ಅದರಲ್ಲಿ ಅವನು ಬಳಸಿದ ಹೆಸರು 'ವೂಟ್ಜ್'. ನಮ್ಮ ಕನ್ನಡದ 'ಉಕ್ಕು' ಎಂಬ ಮಾತೇ ಯುರೋಪಿನವರ ಬಾಯಲ್ಲೋ ಬರವಣಿಗೆಯಲ್ಲೋ ಹೀಗೆ ತಿರುಚಿಕೊಂಡಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ, ವಿದ್ಯುತ್ತಿನ ಸಂಶೋಧನೆಗಳಿಂದ ಪ್ರಖ್ಯಾತನಾಗುವುದಕ್ಕೆ ಮುಂಚೆ, ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಇದರ ಗುಟ್ಟು ಬಿಡಿಸಲು ವರ್ಷಗಟ್ಟಲೆ ಪ್ರಯತ್ನಿಸಿದ. ಹಂಟ್ಸ್‌ಮನ್ ನಮ್ಮಿಂದ ಕದ್ದನೆಂದು ಅಭಿಮಾನದ ಭರದಲ್ಲಿ ಹೇಳುವವರಿದ್ದಾರೆ. ಅದಕ್ಕೆ ಆಧಾರವಿಲ್ಲ, ಅದರ ಅಗತ್ಯವೂ ಇಲ್ಲ. ನಮ್ಮ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆರಿದವು. ವಿದ್ಯೆ ಬರೆದಿಟ್ಟಿರಲಿಲ್ಲವಾಗಿ ಮಾಡುವವರೊಡನೆ ಅದೂ ಹೋಯಿತು. ನನ್ನನ್ನು ಕಾಡುವುದು ಇದು.

ಕೈಯ ವಿದ್ಯೆ ಹೀಗೆ ಹೋಗದಿರಲೆಂದು ಅದನ್ನು ಎಲ್ಲರ ಮಕ್ಕಳಿಗೂ ಶಾಲೆಯಲ್ಲೇ ಕಲಿಸಬೇಕೆಂದವರೂ ಇದ್ದರು. ಫಿನ್ಲೆಂಡಿನಲ್ಲಿ ಯೂನೋ ಸಿಗ್ನೇಯಸ್‌ನ ಪ್ರಯತ್ನದಿಂದ 1866ರಲ್ಲಿ ಗ್ರಾಮೀಣ ಶಾಲೆಗಳ ಹುಡುಗರಿಗೆ ಕೈಕೆಲಸ ಕಡ್ಡಾಯ ವಿಷಯವಾಯಿತು. ಸ್ವೀಡನ್ನಿನ ನೇಸ್ ಎಂಬಲ್ಲಿ ಆಟೋ ಸಾಲೊಮನ್ 1875ರಲ್ಲಿ ಶಿಕ್ಷಕರಿಗೆ 'ಸ್ಲಾಯ್ಡ್' ಎಂಬ ಹೆಸರಿನ ಕೈಕೆಲಸದ ತರಬೇತಿ ಆರಂಭಿಸಿದ. ಬಡಗಿಗಳನ್ನು ತಯಾರಿಸುವುದು ಆತನ ಗುರಿಯಾಗಿರಲಿಲ್ಲ. ಮಗು ಚಾಕುವಿನಿಂದ ಸರಳವಾದ ವಸ್ತುವೊಂದನ್ನು ಮಾಡುವುದರಿಂದ ತೊಡಗಿ ಹಂತಹಂತವಾಗಿ ಕಷ್ಟದ ಕೆಲಸಕ್ಕೆ ಹೋಗಬೇಕು. ಮಾಡಿದ ವಸ್ತು ಮನೆಯಲ್ಲಿ ಉಪಯೋಗಕ್ಕೆ ಬರಬೇಕು. ಅದರಿಂದ ಶ್ರದ್ಧೆ, ನಿಖರತೆ, ದುಡಿಮೆಯ ಮೇಲಣ ಗೌರವ ಬೆಳೆಯಬೇಕು. ನಮ್ಮಲ್ಲಿ 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಸಮ್ಮೇಳನ, ಅನಂತರ ಜಾಕಿರ್ ಹುಸೇನ್ ಸಮಿತಿ ರೂಪಿಸಿದ ಮೂಲಶಿಕ್ಷಣ ಇನ್ನೂ ಮುಂದೆ ಹೋಗಿ, ಕಸುಬಿನ ಮೂಲಕವೇ ಎಲ್ಲ ವಿಷಯಗಳನ್ನೂ ಕಲಿಸಬೇಕೆಂದವು. ಅವರು ಹೇಳಿದ ಕಸುಬುಗಳಲ್ಲಿ ಮರಗೆಲಸವೂ ಇತ್ತು. 1964-66ರ ಕೊಠಾರಿ ಆಯೋಗ ಇದನ್ನೇ ಕಾರ್ಯಾನುಭವವೆಂದು ಕರೆಯಿತು. ಬಿ.ಎಡ್. ಓದುವಾಗ ಇವೆಲ್ಲ ನಮಗೆ ಟಿಪ್ಪಣಿ ಬರೆಯುವ ಪ್ರಶ್ನೆಗಳಾಗಿದ್ದವು. ಇಡೀ ವರ್ಷದಲ್ಲಿ ಒಬ್ಬರ ಕೈಗೂ ಉಳಿ ಬರಲಿಲ್ಲ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ (ಹೆಸರು ಬೇಡ) ಕಸುಬಿನ ತರಗತಿಗೆಂದು ಹಿಂದೆಂದೋ ಕೊಂಡಿದ್ದ ಸಾಮಾನುಗಳ ಬೀರು ಇತ್ತು. ಕಸುಬಿನ ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆಗೆ ಯಾರೂ ಬರಲಿಲ್ಲ. ಮುಖ್ಯೋಪಾಧ್ಯಾಯರು ಬದಲಾದಾಗಲೆಲ್ಲ ಬೀಗ ತೆಗೆದು, ಉಳಿಗಳನ್ನೂ ಹತ್ತರಿಗಳನ್ನೂ ಎಣಿಸಿ, ಚಾರ್ಜ್ ಪಟ್ಟಿಗೆ ಸಹಿ ಹಾಕಿ, ಮತ್ತೆ ಬೀಗ ಹಾಕುತ್ತಿದ್ದರು. ಅದೇ ವೇಳೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಆಚಾರ್ರ ಮನೆಯ ಹುಡುಗನೊಬ್ಬ ಕುಳಿತಿರುತ್ತಿದ್ದ. ಬೀರುವಿನಲ್ಲಿದ್ದ ಒಂದೊಂದು ಸಾಮಾನಿನ ಹೆಸರೂ ಉಪಯೋಗವೂ ಇಡೀ ಶಾಲೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಚರಿತ್ರೆಯಲ್ಲಿ ಮೂವತ್ತೈದು ಅಂಕ ಪಡೆದು ಪಾಸಾದ. ಈಗ ನಗರದಲ್ಲಿ ಕಾರ್ಖಾನೆಯಿಂದ ಬರುವ ಪ್ಲೈವುಡ್ ಬೀರುಗಳನ್ನು ಮನೆಮನೆಗೆ ಹೋಗಿ ಜೋಡಿಸುತ್ತಾನೆ; ಸಂಬಳ ಚೆನ್ನಾಗಿದೆಯಂತೆ, ಸಂತೋಷ. ಬೀರುವಿನ ಸಾಮಾನನ್ನು ಕೊನೆಗೆ ನಿರುಪಯುಕ್ತವೆಂದು ಬರೆದು ತೂಕದ ಲೆಕ್ಕದಲ್ಲಿ ಹರಾಜು ಹಾಕಿದರು. ಮೇಲೆ ಹೇಳಿದ ಶೆಫೀಲ್ಡ್ ಉಳಿಯೂ ಒಂದು ಕಬ್ಬಿಣದ ವೈಸೂ ನನ್ನ ಕೊಟ್ಟಿಗೆಗೆ ಬಂದದ್ದು ಆ ಹರಾಜಿನಿಂದ.

ಯಂತ್ರಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಅಮೆರಿಕದ ಲೆನಾರ್ಡ್ ಬೈಲಿ ರೂಪಿಸಿದ, ತಿರುಪಿನಿಂದ ಅಲಗನ್ನು ಏರಿಳಿಸುವ ಕಬ್ಬಿಣದ ಹತ್ತರಿಯ ಹಕ್ಕನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಇಂದು ಅಂಗಡಿಯಲ್ಲಿ ಸಿಗುವ ಕಬ್ಬಿಣದ ಹತ್ತರಿಗಳಲ್ಲಿ ಹೆಚ್ಚಿನವು ಅದರ ವಂಶದವೇ. ಜರ್ಮನಿಯ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯನ್ನು ಮಾಡಿತು. ಬ್ಲ್ಯಾಕ್ ಅಂಡ್ ಡೆಕ್ಕರ್‌ನವರು ಅದಕ್ಕೆ ಪಿಸ್ತೂಲಿನ ಹಿಡಿ ಕೊಟ್ಟು 1917ರಲ್ಲಿ ಪೇಟೆಂಟ್ ಪಡೆದರು, ಎರಡನೆಯ ಮಹಾಯುದ್ಧದ ನಂತರ ಮನೆಬಳಕೆಗೂ ತಂದರು. 1947ರಲ್ಲಿ ಹಾನ್ಸ್ ಗೋಲ್ಡ್‌ಶ್ಮಿಟ್ ಎಂಬ ವಲಸಿಗ ಒಂದೇ ಮೋಟಾರಿನಿಂದ ಐದು ಯಂತ್ರಗಳ ಕೆಲಸ ಮಾಡುವ 'ಶಾಪ್‌ಸ್ಮಿತ್' ಅನ್ನು ಅಮೆರಿಕದ ಮಾರುಕಟ್ಟೆಗೆ ತಂದ. ಯುದ್ಧದಿಂದ ಮರಳಿ ಹೊಸ ಮನೆ ಕಟ್ಟಿಕೊಂಡವರ ಗ್ಯಾರೇಜುಗಳಿಗೆ ಹೇಳಿಮಾಡಿಸಿದಂಥದು. ಅರಸರ ವಿನೋದ ಹೀಗೆ ಮಧ್ಯಮ ವರ್ಗದ ಭಾನುವಾರವಾಯಿತು. ಯಂತ್ರದೊಡನೆ ಬಂದ ಸಣ್ಣ ಧೂಳಿನ ವಿಷಯವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಫ್ಲ್ಯಾಟಿನ ಮುಚ್ಚಿದ ಕೋಣೆಯಲ್ಲಿ ಯಂತ್ರದ ಗರಗಸ ಓಡಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಮೊದಲು ಮರವನ್ನು ಹಿಡಿಯುವ ಏರ್ಪಾಡು. ಜಾಗವಿದ್ದವರು ಭಾರವಾದ ಬೆಂಚು ಮಾಡಿಸಿ. ಬಾಲ್ಕನಿ ಮಾತ್ರ ಇರುವವರು ನೆಲದ ಮೇಲೊಂದು ದಪ್ಪ ಹಲಗೆ ಹಾಕಿ, ಅದರ ತುದಿಗೆ ಅಡ್ಡಪಟ್ಟಿ ಹೊಡೆದು ಆಚಾರ್ರಂತೆ ಕುಳಿತುಕೊಳ್ಳಿ, ನಾಚಿಕೆ ಬೇಡ. ಎರಡನೆಯದು ಸಾಣೆಕಲ್ಲು, ಒರಟಿನದೊಂದು, ನುಣುಪಿನದೊಂದು. ಹೊಸ ಉಳಿ ಅಂಗಡಿಯಿಂದ ಹರಿತವಾಗಿ ಬರುವುದಿಲ್ಲ. ಕಲ್ಲಿಲ್ಲದೆ ಕೊಂಡ ಉಳಿ ಬರಿಯ ಕಬ್ಬಿಣದ ಪಟ್ಟಿ. ಆಮೇಲೆ ಕಾಲಂಗುಲ, ಅರ್ಧಂಗುಲ, ಮುಕ್ಕಾಲಂಗುಲದ ಮೂರು ಉಳಿಗಳು, ಒಂದು ಕೊಡತಿ, ಒಂದು ಗರಗಸ, ಒಂದು ಹತ್ತರಿ, ಒಂದು ಮೂಲೆಮಟ್ಟ, ಕೈಬೈರಿಗೆ. ಇಷ್ಟರಲ್ಲಿ ಸ್ಟೂಲು, ಪುಸ್ತಕದ ಗೂಡು, ದೇವರ ಮಂಟಪ ಎಲ್ಲವೂ ಆಗುತ್ತವೆ. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ಹಲಗೆಯ ನೇರ ಅಂಚಿಗೆ ಹಿಡಿದು ಗೆರೆ ಎಳೆದು, ತಿರುವಿ ಹಿಡಿದು ಮತ್ತೆ ಎಳೆಯಿರಿ, ಎರಡು ಗೆರೆಗಳೂ ಒಂದಾಗದಿದ್ದರೆ ವಾಪಸು ಕೊಡಿ.

ಮರಕ್ಕೆ ತೇಗವನ್ನೇ ಹುಡುಕಬೇಕಿಲ್ಲ. ಕಲಿಯುವವರಿಗೆ ಮಲೆನಾಡಿನ ತೋಟಗಳಿಂದ ಬರುವ ಸಿಲ್ವರ್ ಓಕ್ ಅಗ್ಗ, ಉಳಿಗೂ ಬಗ್ಗುತ್ತದೆ. ವೀಣೆ ಮಾಡುವವರು ನೆಚ್ಚಿಕೊಂಡ ಹಲಸು ಇನ್ನೂ ಚೆನ್ನ. ಯಾವ ಮರವೇ ಆಗಲಿ, ಕೊಯ್ದ ಮೇಲೂ ಹವೆಯ ತೇವಕ್ಕೆ ಅಡ್ಡಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಅಲ್ಲ. ಮಂಗಳೂರಿನಲ್ಲಿ ಮಳೆಗಾಲದಲ್ಲಿ ಜೋಡಿಸಿದ ಹಲಗೆಯನ್ನು ಬಿಗಿಯಾಗಿ ಮೊಳೆ ಹೊಡೆದು ಬೇಸಗೆಗೆ ಬಳ್ಳಾರಿಗೆ ಒಯ್ದರೆ ಬಿರುಕು ಬಿಡುವುದು ಇದರಿಂದಲೇ.

ಗರಗಸ ಕೊಳ್ಳುವಾಗ ಮಾತ್ರ ಒಂದು ಎಚ್ಚರ. ಈಗ ಬರುವ ಅನೇಕ ಗರಗಸಗಳ ಹಲ್ಲುಗಳನ್ನು ಕಾರ್ಖಾನೆಯಲ್ಲೇ ಬಹಳ ಗಡಸು ಮಾಡಿರುತ್ತಾರೆ. ಮೊಂಡಾದರೆ ಅರ ಹತ್ತುವುದಿಲ್ಲ, ಎಸೆಯಬೇಕಷ್ಟೆ. ಮೆದುಹಲ್ಲಿನದನ್ನು ಕೇಳಿ ಕೊಳ್ಳಿ. ಮೂಲೆಯುಳ್ಳ ಸಣ್ಣ ಅರದಿಂದ ಒಂದೊಂದೇ ಹಲ್ಲನ್ನು ಮಸೆದು, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಬಾಗಿಸಿ ಕಟ್ಟುವ ಕೆಲಸವನ್ನು ನನಗೆ ಕಲಿಸಿದವರು ಹಿಂದಿನ ಬೆಂಚಿನ ಆ ಹುಡುಗನ ತಂದೆ. ಎಂಬತ್ತು ದಾಟಿದೆ, ಕಣ್ಣು ಮಂದ; ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ ಎಲ್ಲಿ ಹೆಚ್ಚು ಕಡಿಮೆಯಾಗಿದೆಯೆಂದು ಹೇಳಿಬಿಡುತ್ತಾರೆ. ಹಣ ಕೊಟ್ಟರೆ ಮುಟ್ಟುವುದಿಲ್ಲ, ಎಲೆ ಅಡಿಕೆ ಸಾಕು. ಕಳೆದ ತಿಂಗಳಿನಿಂದ ಅವರು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಪುಟಗಳಾಗಿವೆ. ಗಾಡಿಯ ಚಕ್ರದ ಕೆಲಸ ಇನ್ನೂ ಆರಂಭವಾಗಿಲ್ಲ.